ಅಕ್ಕನಿಗೊಂದು ಗಂಡು

ಮೂಡುಬಿದಿರೆ
16 ಫೆಬ್ರವರಿ 2025

ಅಮ್ಮ,

ಕ್ಷೇಮ ಸಮಾಚಾರ ಕೇಳಿ ಶುರು ಮಾಡುವ ಸಹನೆ ಇವತ್ತು ನನಗಿಲ್ಲ. ಮೊನ್ನೆಯಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ ಅಪ್ಪನ ಕೈಗೆ ದಾಟಿಸುತ್ತೀ. ಅಪ್ಪ "ಹೋಟೆಲಲ್ಲಿ ಗಿರಾಕಿ ಉಂಟು, ಮತ್ತೆ ಮಾತಾಡುವ" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ತುಳುವಿನಲ್ಲಿ ಜಗಳಕ್ಕೆ ನಿಂತರೆ ನೀನು ಬೇಗ ಅಳುತ್ತೀ, ನೀನು ಅತ್ತ ಕೂಡಲೇ ನಾನು ಸೋಲುತ್ತೇನೆ. ಕನ್ನಡದಲ್ಲಿ ಬರೆದರೆ ಕೊನೆಯ ತನಕ ಸಿಟ್ಟು ಮಾಡಬಹುದು. ನಾಳೆ ಬೆಳಿಗ್ಗೆ ವೇಣೂರಿನ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಹನೀಫಾಕನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಲಾಯಿಲದಲ್ಲಿ ನಮ್ಮ ಹೋಟೆಲಿನ ಮುಂದೆ ಇಳಿದು ಕೊಡುತ್ತಾರಂತೆ.

ಮೇ ತಿಂಗಳಲ್ಲಿ ನನ್ನ ಮದುವೆ ಇಲ್ಲವಂತೆ. ಕಾರಣ ನನ್ನ ಅಕ್ಕನಂತೆ. ಆ ಅಕ್ಕ ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ, ಹೆಸರಿಡುವ ಮುಂಚೆಯೇ ತೀರಿಹೋದ ಮಗುವಂತೆ. ಬದುಕಿದ್ದರೆ ಈಗ ಮೂವತ್ತೆರಡು. ಪ್ರಾಯಕ್ಕೆ ಬಂದ ಅಕ್ಕನನ್ನು ಬಿಟ್ಟು ತಂಗಿಗೆ ಮದುವೆ ಮಾಡಿದರೆ ಅವಳು ಮುನಿಯುತ್ತಾಳೆ, ಹಾಗಾಗಿ ಮೊದಲು ಅವಳಿಗೆ ಕುಲೆ ಮದುವೆ ಆಗಬೇಕು, ಅದಕ್ಕೆ ಅವಳ ಹಾಗೆಯೇ ಚಿಕ್ಕಂದಿನಲ್ಲಿ ತೀರಿಹೋದ ಒಂದು ಗಂಡನ್ನು ಹುಡುಕಬೇಕು, ಅಲ್ಲಿಯವರೆಗೆ ಸಾತ್ವಿಕಾ ಕಾಯಬೇಕು. ಪ್ರಶ್ನೆ ಇಟ್ಟಾಗ ಜೋಯಿಸರು ಹೀಗೆಲ್ಲ ಹೇಳಿದರೆಂದು ಅಪ್ಪ ಒಂದೇ ಉಸಿರಿನಲ್ಲಿ ಒಪ್ಪಿಸಿದರು.

ಸತ್ತ ಮಕ್ಕಳಿಗೆ ಪ್ರಾಯ ಬಂದ ಮೇಲೆ ಮದುವೆ ಮಾಡಿಸುವುದು ನಮ್ಮ ಕಡೆ ಉಂಟೆಂದು ನನಗೂ ಗೊತ್ತು. ನಾನು ಅದನ್ನು ನಗಾಡುವವಳಲ್ಲ. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ನನಗೊಬ್ಬಳು ಅಕ್ಕ ಹುಟ್ಟಿದ್ದಳೆಂದು ನನಗೆ ಮೂವತ್ತು ವರ್ಷ ಯಾಕೆ ಹೇಳಲಿಲ್ಲ? ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ಕೊನೆಯಲ್ಲಿ ನೀನು ಒಂದು ಚಿಕ್ಕ ಎಲೆ ಹಾಕುತ್ತಿದ್ದೆ. ಇದು ಯಾರದ್ದು ಎಂದು ಕೇಳಿದರೆ "ಸುಮ್ನೆ ಕೂತ್ಕೊ ಮಗಾ" ಎಂದು ಗದರುತ್ತಿದ್ದೆ. ಇಷ್ಟು ಕಾಲ ಅಡಗಿಸಿಟ್ಟು ಈಗ ಸರಿಯಾಗಿ ನನ್ನ ಮದುವೆಯ ಹೊತ್ತಿಗೆ ತಂದು ಅಡ್ಡ ನಿಲ್ಲಿಸಿದ್ದೀರಲ್ಲ! ಉಜ್ವಲ್‌ನ ಅಮ್ಮನಿಗೆ ನಾನೇನು ಹೇಳಲಿ? ಬಂಟ್ವಾಳದಲ್ಲಿ ಅವರು ಮನೆಗೆ ಸುಣ್ಣ ಬಣ್ಣ ಮಾಡಿಸಿ ಆಗಿದೆ.

ಉತ್ತರ ಬರೆ. ಅಪ್ಪನ ಕೈಯಲ್ಲಿ ಬರೆಸಬೇಡ.

ಸಾತ್ವಿಕಾ


ಲಾಯಿಲ
24 ಫೆಬ್ರವರಿ 2025

ಮಗಳು ಸಾತ್ವಿಗೆ,

ಕಾಗದ ಬಂತು. ಅಪ್ಪ ಅದನ್ನು ಬಿಲ್ಲುಗಳ ಅಡಿಯಲ್ಲಿ ಇಟ್ಟು ಮರೆತಿದ್ದರು. ನನ್ನ ಕೈಗೆ ಸಿಕ್ಕಿದ್ದು ನಿನ್ನೆ.

ಅಷ್ಟು ದೊಡ್ಡ ಕಾಗದ ಬರೆದಿದ್ದೀ, ಊಟ ಸರಿ ಮಾಡುತ್ತಿದ್ದೀಯಾ ಎಂದು ಒಂದು ಸಾಲು ಬರೆಯಲಿಲ್ಲ. ಹಾಸ್ಟೆಲಿನಲ್ಲಿ ಪುನಃ ಆ ನೀರು ಸಾರೇ ಇರಬೇಕು. ಹನೀಫಾಕನ ಕೈಯಲ್ಲಿ ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಮುಚ್ಚಳ ಬಿಗಿಯಾಗಿ ಹಾಕಿಡು.

ಹಿರಿಯರು ಹೇಳಿದ ಹಾಗೆ ನಡೆಯುವ. ರುಕ್ಮಯ್ಯ ಮಾವ ನಾಲ್ಕು ಕಡೆ ಹೇಳಿ ಇಟ್ಟಿದ್ದಾರೆ, ಪೇಪರಿನಲ್ಲೂ ಹಾಕುತ್ತಾರಂತೆ. ಒಂದು ಒಳ್ಳೆ ಕಡೆ ಸಿಕ್ಕಿದರೆ ಎಲ್ಲ ಬೇಗ ಮುಗಿಯುತ್ತದೆ. ಉಜ್ವಲ್‌ನ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. 

ಇನ್ನೊಂದು. ಅಡ್ಡ ನಿಲ್ಲಿಸಿದ್ದೀರಿ ಎಂದು ಬರೆದಿದ್ದೀಯಲ್ಲ, ಅವಳ ವಿಷಯದಲ್ಲಿ ಅಂಥ ಮಾತು ನನ್ನ ಹತ್ತಿರ ಇನ್ನು ಬರೆಯಬೇಡ.

ನಿನ್ನ ಅಮ್ಮ


ಮೂಡುಬಿದಿರೆ
30 ಮಾರ್ಚ್ 2025

ಅಮ್ಮ,

ಜಾಹೀರಾತು ಓದಿದೆ. ನಾನಾಗಿ ಓದಲಿಲ್ಲ, ನಮ್ಮ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಶಬ್ನಾ ಚಾ ಕುಡಿಯುತ್ತಾ ಗಟ್ಟಿಯಾಗಿ ಓದಿದಳು. "ಶಿಶು ಪ್ರಾಯದಲ್ಲಿ ಗತಿಸಿದ ಕನ್ಯೆಗೆ ಅನುರೂಪ ವರ ಬೇಕಾಗಿದೆ." ಕೆಳಗೆ ಇದ್ದದ್ದು ನಮ್ಮ ಮಾವನ ನಂಬರು. ಅವಳು ಪಾಪ, "ಇದು ಯಾರ ಮನೆಯದ್ದಾ ಏನಾ, ಆ ತಾಯಿಯ ಸಂಕಟ ಎಷ್ಟಿರಬೇಕು" ಎಂದಳು. ನಾನು ಚಾ ಲೋಟ ತೊಳೆಯಲು ಎದ್ದು ಹೋದೆ. ತಾಯಿಯ ಸಂಕಟವಂತೆ. ತಂಗಿಯದ್ದು ಯಾರಾದರೂ ಕೇಳುತ್ತಾರಾ?

ಶಿರ್ತಾಡಿಯವರು ಬಂದು ನೋಡಿ ಬೇಡ ಎಂದರೆಂದು ಅಪ್ಪ ಹೇಳಿದರು. ಹೆಸರೇ ಇಡದ ಹುಡುಗಿಯನ್ನು ತರುವುದು ಹೇಗೆ ಎಂದರಂತೆ. ಬದುಕಿರುವ ನನ್ನನ್ನು ಮೂರು ಕಡೆಯವರು ಕಪ್ಪು ಎಂದು ಬಿಟ್ಟು ಹೋದಾಗ ನನಗೆ ಇಷ್ಟು ಉರಿದಿರಲಿಲ್ಲ. ಸತ್ತ ಮಗುವನ್ನೂ ಬಂದು ಕೂತು ಅವಲಕ್ಕಿ ತಿಂದು ಬೇಡ ಎನ್ನುತ್ತಾರಲ್ಲ, ಇವರಿಗೆ ಏನು ಹೇಳಬೇಕು? ನೀವಾದರೂ ಯಾಕೆ ಅವರ ಮುಂದೆ ಕೈಕಟ್ಟಿ ನಿಂತಿರಿ?

ಈಗ ನನ್ನ ವಿಷಯ. ಮೇ ತಿಂಗಳಿಗೆ ಹಿಡಿದಿದ್ದ ಹಾಲ್ ಬೇರೆಯವರಿಗೆ ಹೋಯಿತು. ಉಜ್ವಲ್ ಮೊನ್ನೆ ಶೆಡ್ಡಿನ ಕೆಲಸ ಬಿಟ್ಟು, ಮೈಯೆಲ್ಲ ಕಬ್ಬಿಣದ ಹುಡಿ ಮಾಡಿಕೊಂಡೇ ಇಲ್ಲಿಗೆ ಬಂದಿದ್ದ. ಮಳೆಗೆ ಮೊದಲು ಎಲ್ಲರಿಗೂ ಅಂಗಳಕ್ಕೆ ಶೀಟ್ ಹಾಕಿಸಬೇಕು, ಅವನಿಗೆ ಉಸಿರಾಡಲು ಪುರಸೊತ್ತಿಲ್ಲದ ಸಮಯ ಇದು. ಅವನ ಅಮ್ಮ ಹೇಳಿದ್ದಾರಂತೆ, ಆಟಿಯ ಒಳಗೆ ಒಂದು ತೀರ್ಮಾನ ಆಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು. "ನಾನು ಕಾಯ್ತೇನೆ ಮಾರಾಯ್ತಿ, ಆದರೆ ಅಮ್ಮನ ಬಾಯಿ ಎಷ್ಟು ಸಮಯ ಮುಚ್ಚಿಸುವುದು?" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಅಮ್ಮನ ಮೇಲೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅಮ್ಮ, ಕೇಳು. ಹಿಂದೆ ಆದದ್ದು ಆಗಿಹೋಗಿದೆ. ನನಗೆ ಮುಂದೆ ಒಂದು ಬದುಕು ಉಂಟು, ಅದು ಈಗ ಕೈತಪ್ಪಿ ಹೋಗುತ್ತಾ ಉಂಟು. ನಿನಗೆ ಕಾಣುವುದಿಲ್ಲವಾ? ಆ ಜೋಯಿಸರ ಮಾತಿನಲ್ಲಿ ಏನಾದರೂ ದಾರಿ ಉಂಟಾ ಎಂದು ಕೇಳಿ ರುಕ್ಮಯ್ಯ ಮಾವನಿಗೂ ಇವತ್ತೇ ಬರೆದಿದ್ದೇನೆ.

ಸಾತ್ವಿಕಾ


ವೇಣೂರು
12 ಏಪ್ರಿಲ್ 2025

ಚಿ. ಸಾತ್ವಿಕಾಳಿಗೆ ಮಾವ ರುಕ್ಮಯ್ಯನ ಆಶೀರ್ವಾದಗಳು.

ಕಳೆದ ತಿಂಗಳ ಕೊನೆಯಲ್ಲಿ ಬರೆದ ನಿನ್ನ ಪತ್ರ ಕೈಸೇರಿತು. ಪತ್ರದ ಧಾಟಿ ಹಿರಿಯರಿಗೆ ಬರೆಯತಕ್ಕ ಧಾಟಿಯಲ್ಲ. ಆದರೂ ವಿಷಯದ ಗಾಂಭೀರ್ಯವನ್ನು ಗಮನಿಸಿ ಉತ್ತರಿಸುತ್ತಿದ್ದೇನೆ. ಸಹಕಾರಿ ಸಂಘದಲ್ಲಿ ಸೆಕ್ರೆಟರಿಯಾಗಿದ್ದ ಕಾಲದಿಂದಲೂ ಬಂದ ಪತ್ರಕ್ಕೆ ಉತ್ತರಿಸದೆ ಬಿಟ್ಟವನು ನಾನಲ್ಲ.

ಜೋಯಿಸರ ಮೇಲೆ ನೀನು ಹರಿಹಾಯ್ದಿದ್ದೀ. ಅವರದೇನೂ ತಪ್ಪಿಲ್ಲ. ಮನೆಗೆ ಸಂಬಂಧಪಟ್ಟ ಒಂದು ಮಗುವಿನ ಆತ್ಮಕ್ಕೆ ತೃಪ್ತಿ ಇಲ್ಲ, ಅನುಕೂಲವಾದಾಗ ಮದುವೆ ಮಾಡಿಸಿ ಎಂದಷ್ಟೇ ಅವರು ಹೇಳಿದ್ದು. ನಿನ್ನ ಮದುವೆ ನಿಲ್ಲಿಸಿ ಎಂದು ಅವರ ಬಾಯಲ್ಲಿ ಬಂದಿಲ್ಲ. ಹಾಗೆ ಪಟ್ಟು ಹಿಡಿದದ್ದು ನಿನ್ನ ತಾಯಿ ಶಶಿಪ್ರಭಾ. ದೊಡ್ಡವಳದು ಆಗದೆ ಚಿಕ್ಕವಳದು ಆಗಕೂಡದು ಎಂದು ನನ್ನ ಮನೆಯ ಜಗಲಿಯಲ್ಲಿ ಕೂತು ಹಟ ಮಾಡಿದಳು.  ಕುಟುಂಬದ ಹಿತದೃಷ್ಟಿಯಿಂದ ಜೋಯಿಸರ ಹೆಸರಿನಲ್ಲಿ ನಿನಗೆ ತಿಳಿಸುವುದೆಂದು ತೀರ್ಮಾನಿಸಲಾಯಿತು.

ಇದನ್ನು ನಿನಗೆ ಬರೆಯಬಾರದಿತ್ತೋ ಏನೋ. ಬರೆದಾಯಿತು.

ಪೊಳಲಿ ಕಡೆಯಿಂದ ಒಂದು ಸಂಬಂಧ ಕೇಳಿಬಂದಿದೆ. ಪ್ರಗತಿಯನ್ನು ತಿಳಿಸುತ್ತೇನೆ.

ಇತಿ,
ರುಕ್ಮಯ್ಯ


ಮೂಡುಬಿದಿರೆ
15 ಏಪ್ರಿಲ್ 2025

ಅಮ್ಮ,

ಮಾವನ ಕಾಗದ ಬಂತು. ನಿಲ್ಲಿಸಿದ್ದು ಜೋಯಿಸರಲ್ಲ, ನೀನಂತೆ. ಹೌದಾ, ಅಲ್ಲವಾ?

ಹೌದಾದರೆ ಇನ್ನೊಂದು ಪ್ರಶ್ನೆ. ಇಲ್ಲದ ಮಗಳಿಗಾಗಿ ಇರುವ ಮಗಳ ಬದುಕನ್ನು ಹಿಡಿದು ನಿಲ್ಲಿಸುವ ಹಕ್ಕು ನಿನಗೆ ಯಾರು ಕೊಟ್ಟರು? ನಾನು ನಿನಗೆ ಮಾಡಿದ ಅನ್ಯಾಯವಾದರೂ ಏನು? ನಿನ್ನೆ ವಿಷುವಿಗೆ ನಾನು ಬರಲಿಲ್ಲ. ಇನ್ನು ಕರೆದರೂ ಬರುವುದಿಲ್ಲ.

ಸಾತ್ವಿಕಾ


ಲಾಯಿಲ
4 ಮೇ 2025

ಸಾತ್ವಿ,

ಹೌದು. ನಾನೇ ಹೇಳಿದ್ದು. ತಪ್ಪಾಯಿತು ಎಂದು ಬರೆಯುತ್ತೇನೆಂದು ಕಾದಿದ್ದರೆ ಕಾಯಬೇಡ.

ಹಕ್ಕು ಯಾರು ಕೊಟ್ಟರೆಂದು ಕೇಳಿದ್ದೀಯಲ್ಲ, ಹಾಗಾದರೆ ನನ್ನದನ್ನೂ ಕೇಳು. ಅವಳು ಹುಟ್ಟಿದಾಗ ತೂಕ ಕಡಿಮೆ ಇತ್ತು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಗೋಡೆ ಹಿಡಿದು ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಹೋದರೆ ಆ ಪೆಟ್ಟಿಗೆಯಲ್ಲಿ ಬೇರೆಯವರ ಮಗು ಇತ್ತು. ನಿನ್ನ ಅಪ್ಪ ಮತ್ತು ನನ್ನ ಅಣ್ಣ, ನಿನ್ನ ರುಕ್ಮಯ್ಯ ಮಾವ, ಸೇರಿ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು. ಬಾಣಂತಿಗೆ ತೋರಿಸಬಾರದಂತೆ. ಎಲ್ಲಿ ಎಂದು ಕೇಳಿದರೆ ಅಪ್ಪ ಒಂದು ಹೇಳುತ್ತಾರೆ, ಅಣ್ಣ ಒಂದು ಹೇಳುತ್ತಾರೆ. ಹೆತ್ತವಳು ನಾನು, ನನಗೆ ಕೊನೆಯದಾಗಿ ಒಂದು ಸಲ ಮುಖ ತೋರಿಸಲು ಇವರಿಗೆ ಆಗಲಿಲ್ಲ.

ಮನೆಗೆ ಬಂದ ಮೇಲೆ ಹಾಲು ನಿಲ್ಲಲಿಲ್ಲ. ಅದನ್ನು ನಿಲ್ಲಿಸಲು ಅತ್ತೆ ನನ್ನ ಎದೆಗೆ ಮಲ್ಲಿಗೆ ಹೂ ಇಟ್ಟು ಬಟ್ಟೆ ಬಿಗಿದರು. ಮಲ್ಲಿಗೆ ಮುಡಿದರೆ ನನಗೆ ತಲೆನೋವು ಬರುತ್ತದೆ ಎಂದು ನಿನಗೆ ಹೇಳಿದ್ದೇನಲ್ಲ, ತಲೆನೋವೂ ಇಲ್ಲ, ಏನೂ ಇಲ್ಲ. ಆ ವಾಸನೆ ಬಂದರೆ ಈಗಲೂ ಎದೆ ಬಿಗಿಯುತ್ತದೆ.

ಆಮೇಲೆ ಬಂದವರೆಲ್ಲರದೂ ಒಂದೇ ಮಾತು. "ಆದದ್ದು ಆಯ್ತು, ಇನ್ನು ಮುಂದಿನದ್ದು ನೋಡು." ಅತ್ತೆ ಹೇಳಿದರು, ಅಣ್ಣ ಹೇಳಿದರು, ನೆರೆಮನೆಯವರು ಹೇಳಿದರು. ಈಗ ನೀನೂ ಅದನ್ನೇ ಬರೆದಿದ್ದೀ. ನಾನು ನೋಡಲಿಲ್ಲವಾ ಮುಂದಿನದ್ದು? ನೀನು ಬಂದೆ. ನಿನ್ನನ್ನು ನೆಲಕ್ಕೆ ಬಿಡದೆ ಸಾಕಿದೆ, ಓದಿಸಿದೆ, ಯಾರಿಗೂ ಹೆದರಬೇಡ ಎಂದು ನಾನೇ ಕಲಿಸಿದೆ. ಅದರ ಫಲ ಈಗ ನನಗೇ ಸಿಗುತ್ತಾ ಉಂಟು. ನಿನಗೆ ಮೊದಲ ಹಲ್ಲು ಬಂದಾಗ, ನೀನು ಶಾಲೆಗೆ ಹೋದಾಗ, ದೊಡ್ಡವಳಾದಾಗ, ಅವಳಿಗೂ ಇಷ್ಟು ಹೊತ್ತಿಗೆ ಆಗಿರುತ್ತಿತ್ತು ಎಂದು ಒಳಗೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲು ಒಬ್ಬರೂ ಬಿಡಲಿಲ್ಲ. ಅಶುಭವಂತೆ.

ಅವಳಿಗೊಂದು ಮದುವೆ ಮಾಡಿಸುವ ಎಂದು ಎಷ್ಟೋ ವರ್ಷದಿಂದ ಅಣ್ಣನ ಹತ್ತಿರ ಹೇಳುತ್ತಾ ಬಂದಿದ್ದೇನೆ. "ಆಯ್ತು, ನೋಡುವ" ಎನ್ನುತ್ತಾರೆ. ಅಪ್ಪ ಎದ್ದು ಹೋಟೆಲಿಗೆ ಹೋಗುತ್ತಾರೆ. ನಿನ್ನ ಮದುವೆ ನಿಲ್ಲುತ್ತದೆ ಎಂದ ಕೂಡಲೇ ಹೇಗೆ ಓಡಿದರು ನೋಡು! ಪೇಪರಿಗೆ ಹಾಕಿದರು, ಶಿರ್ತಾಡಿಗೆ ಹೋದರು, ಪೊಳಲಿಗೆ ಹೋದರು. ಅವಳಿಗಾಗಿ ಇವರು ಚಪ್ಪಲಿ ಹಾಕುವವರಲ್ಲ ಮಗಾ. ನಿನಗಾಗಿ ಹಾಕಿದರು. ನೀನು ಬಂಟ್ವಾಳಕ್ಕೆ ಹೋದ ಮೇಲೆ ನನ್ನ ಕೈಯಲ್ಲಿ ಏನಿತ್ತು ಇವರನ್ನು ಓಡಿಸಲು? ನಾನು ಸತ್ತ ಮೇಲೆ ಅಂಥ ಒಬ್ಬಳು ಹುಟ್ಟಿದ್ದಳು ಎಂದು ಹೇಳುವವರು ಯಾರು? ಅದಕ್ಕೆ ನಿನ್ನನ್ನು ತಡೆದೆ. ಗೊತ್ತಿದ್ದೇ ತಡೆದೆ.

ಮತ್ತೆ, ಹೆಸರಿಲ್ಲದವಳು ಎಂದು ಶಿರ್ತಾಡಿಯವರು ಹೇಳಿದ್ದನ್ನು ನೀನು ಪುನಃ ಬರೆದು ಕಳಿಸಿದ್ದೀ. ಅವಳಿಗೆ ಹೆಸರಿತ್ತು. ಹರಿಣಾಕ್ಷಿ. ನನಗೆ ಶಾಲೆಯಲ್ಲಿ ಕಲಿಸಿದ ಟೀಚರ ಹೆಸರು. ಆ ಗಾಜಿಗೆ ಬಾಯಿ ಇಟ್ಟು ನಾನೇ ಕರೆದಿದ್ದೇನೆ. ತೊಟ್ಟಿಲಿಗೆ ಹಾಕಿ ಹತ್ತು ಜನರ ಎದುರು ಕರೆದರೆ ಮಾತ್ರ ಹೆಸರಾ?

ಬರುವುದಿಲ್ಲ ಎಂದರೆ ಬರಬೇಡ. ನಿನ್ನ ಬಟ್ಟೆ ಒಗೆದು ಮಡಚಿ ಇಟ್ಟಿದ್ದೇನೆ.

ನಿನ್ನ ಅಮ್ಮ


ವೇಣೂರು
28 ಮೇ 2025

ಚಿ. ಸಾತ್ವಿಕಾಳಿಗೆ ಆಶೀರ್ವಾದಗಳು.

ಸಂತೋಷದ ಸುದ್ದಿ. ಪೊಳಲಿಯ ಸಂಬಂಧ ನಿಶ್ಚಯವಾಯಿತು. ವರನ ಹೆಸರು ಮನೀಷ್, ಬದುಕಿದ್ದರೆ ಮೂವತ್ತನಾಲ್ಕು. ಒಂದು ವರ್ಷದ ಮಗುವಾಗಿದ್ದಾಗ ಜ್ವರ ಬಂದು ತೀರಿಕೊಂಡವನು. ಎರಡು ಮನೆಗಳ ಬಳಿ, ಅಂದರೆ ಕುಲಗೋತ್ರ, ಬೇರೆ ಬೇರೆಯಾದ್ದರಿಂದ ಸಂಬಂಧಕ್ಕೆ ಅಡ್ಡಿಯಿಲ್ಲ. ಕನ್ಯೆಯ ಹೆಸರು ಕೇಳಿದಾಗ ನಾನು ತಡವರಿಸಿದೆ. ನಿನ್ನ ತಾಯಿ ಒಳಗಿನಿಂದಲೇ ಗಟ್ಟಿಯಾಗಿ "ಹರಿಣಾಕ್ಷಿ" ಎಂದಳು. ಆ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು.

ಒಂದು ಸಣ್ಣ ಅಚಾತುರ್ಯವಾಯಿತು. ಚಾ ಕುಡಿಯುತ್ತಿದ್ದಾಗ ನಿನ್ನ ತಂದೆ ಶೇಖರ ಭಾವ ಅಭ್ಯಾಸಬಲದಿಂದ "ಹುಡುಗ ಏನು ಮಾಡಿಕೊಂಡಿದ್ದಾನೆ?" ಎಂದು ಕೇಳಿಬಿಟ್ಟರು. ನಿನ್ನ ವರಾನ್ವೇಷಣೆಯ ಕಾಲದಲ್ಲಿ ಎಲ್ಲ ಕಡೆ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು.  ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಗ ವರನ ತಾಯಿ, "ಇದ್ದಿದ್ರೆ ಮಸ್ಕತ್‌ನಲ್ಲಿ ಇರ್ತಿದ್ದ. ಅವನ ತಮ್ಮ ಅಲ್ಲೇ ಇದ್ದಾನೆ, ಅಣ್ಣನನ್ನೂ ಕರೆಸಿಕೊಳ್ತಿದ್ದ" ಎಂದರು. ನಿನ್ನ ತಾಯಿ ಅಡುಗೆಕೋಣೆಯಿಂದ ಬಂದು ಅವರ ಪಕ್ಕದಲ್ಲಿ ಕೂತಳು. ಅಲ್ಲಿಂದ ಮೇಲೆ ನಾವು ಗಂಡಸರು ಮಾತಾಡುವ ಅಗತ್ಯ ಬೀಳಲಿಲ್ಲ.

ಆಟಿ ತಿಂಗಳಲ್ಲಿ, ಅಂದರೆ ಆಗಸ್ಟ್ 3ರ ಭಾನುವಾರ ಲಾಯಿಲದ ಮನೆಯಲ್ಲಿ ಮದುವೆ. ಒಂದು ಸೂಚನೆ. ಮಕ್ಕಳೂ ಅವಿವಾಹಿತರೂ ಕುಲೆ ಮದುವೆಯನ್ನು ನೋಡಬಾರದೆಂಬುದು ಹಿಂದಿನಿಂದ ಬಂದ ಕ್ರಮ. ಆದುದರಿಂದ ಆ ದಿನ ನೀನು ಮೂಡುಬಿದಿರೆಯಲ್ಲಿಯೇ ಇರತಕ್ಕದ್ದು. ನಿನ್ನ ಮದುವೆಯ ಮಾತನ್ನು ದೀಪಾವಳಿಯ ಬಳಿಕ ಎತ್ತಬಹುದು.

ಇತಿ,
ರುಕ್ಮಯ್ಯ


ಮೂಡುಬಿದಿರೆ
8 ಜೂನ್ 2025

ಅಮ್ಮ,

ನಿನ್ನ ಮೇ ತಿಂಗಳ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆಯಲು ಆಗಲಿಲ್ಲ. ಅದು ಬಂದ ಮರುದಿನ ಲ್ಯಾಬಿನಲ್ಲಿ ಒಂದು ಹಸುಗೂಸಿನ ಹಿಮ್ಮಡಿಯಿಂದ ರಕ್ತ ತೆಗೆಯಬೇಕಿತ್ತು. ದಿನಾ ಮಾಡುವ ಕೆಲಸ, ಆದರೆ ಸೂಜಿ ಕೆಳಗಿಟ್ಟೆ. ಶಬ್ನಾ ಬಂದು ತೆಗೆದಳು. ನಾನು ಒಳಗೆ ಹೋಗಿ ಗೋಡೆ ನೋಡುತ್ತಾ ನಿಂತೆ. ಹರಿಣಾಕ್ಷಿ ಎಂದು ನಾನೂ ಒಂದು ಸಲ ಕರೆದು ನೋಡಿದೆ.

ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ನಿನಗೆ ಅವರು ಮಾಡಿದ್ದು ಅನ್ಯಾಯ. ನೀನು ನನಗೆ ಮಾಡಿದ್ದೂ ಅನ್ಯಾಯವೇ. ಒಂದು ಮಾತು ನನ್ನ ಹತ್ತಿರ ಹೇಳಿದ್ದರೆ ನಾನೇ ಮಾವನ ಜಗಲಿಯಲ್ಲಿ ಬಂದು ನಿನ್ನ ಪಕ್ಕ ಕೂರುತ್ತಿರಲಿಲ್ಲವಾ? ಅವರ ಹತ್ತಿರ ಹೋರಾಡಲು ನನ್ನನ್ನು ಕರೆಯುವ ಬದಲು ನನ್ನನ್ನೇ ಎತ್ತಿ ಅಡವಿಟ್ಟೆಯಲ್ಲ.

ಈಗ ಮಾವನ ಸೂಚನೆ ಬಂದಿದೆ. ನಾನು ಬರಬಾರದಂತೆ! ಅವಳ ಮದುವೆಗಾಗಿ ನನ್ನ ಮದುವೆ ನಿಲ್ಲಿಸಿದಿರಿ. ನನಗೆ ಮದುವೆ ಆಗಿಲ್ಲವೆಂದು ಅವಳ ಮದುವೆಗೆ ಬರಬೇಡ ಎನ್ನುತ್ತೀರಿ. ಇದನ್ನು ಓದಿ ನಾನು ಹಾಸ್ಟೆಲಿನ ಮೆಟ್ಟಿಲಲ್ಲಿ ಕೂತು ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಊರಿನವರೆಲ್ಲ ಬಂದು ಪಾಯಸ ಉಣ್ಣಬಹುದು, ಒಡಹುಟ್ಟಿದ ತಂಗಿ ಮಾತ್ರ ಹಾಸ್ಟೆಲಿನಲ್ಲಿ ಕೂರಬೇಕಾ? ಮೂವತ್ತು ವರ್ಷ ಅವಳನ್ನು ನನ್ನಿಂದ ಅಡಗಿಸಿದಿರಿ. ಇನ್ನೊಂದು ಸಲ ಅಡಗಿಸಲು ನಾನು ಬಿಡುವುದಿಲ್ಲ. ಮಗಳು ಅವಳು ನಿನಗೆ, ಆದರೆ ಅಕ್ಕ ನನಗೆ.

ಹಾಗಾಗಿ ಶುಕ್ರವಾರ ನಾನೂ ಉಜ್ವಲ್‌ನೂ ಬಂಟ್ವಾಳದ ನೋಂದಣಿ ಕಚೇರಿಗೆ ಹೋಗಿ ನೋಟೀಸು ಕೊಟ್ಟು ಬಂದೆವು. ಒಂದು ತಿಂಗಳು ಕಳೆಯಬೇಕಂತೆ. ಆಟಿ ಶುರುವಾಗುವ ಮೊದಲು, ಜುಲೈ 9ಕ್ಕೆ ಸಹಿ. ಮೂರು ಜನ ಸಾಕ್ಷಿ ಬೇಕು. ಶಬ್ನಾ ಬರುತ್ತಾಳೆ, ಉಜ್ವಲ್‌ನ ಅಣ್ಣ ಬರುತ್ತಾರೆ, ಇನ್ನೊಬ್ಬರನ್ನು ನೋಡಬೇಕು. ಉಜ್ವಲ್‌ನ ಅಮ್ಮ ಒಂದು ದಿನ ಮಾತು ಬಿಟ್ಟಿದ್ದರು. ಮತ್ತೆ ಅವರೇ ಬಂದು, "ಊಟದ ಮದುವೆ ಡಿಸೆಂಬರಿಗೆ ಇಟ್ಟುಕೊಳ್ಳುವ, ಆದರೆ ಸಹಿ ಹಾಕುವ ದಿನ ಚೂಡಿದಾರದಲ್ಲಿ ಬರಬೇಡ" ಎಂದರು.

ಆಗಸ್ಟ್ 3ಕ್ಕೆ ನಾನು ಮದುವೆಯಾದ ಹೆಂಗಸು. ನನ್ನನ್ನು ಹೊರಗೆ ನಿಲ್ಲಿಸಲು ಯಾವ ಕ್ರಮ ತರುತ್ತಾರೋ ಮಾವ ತರಲಿ.

ಸಾತ್ವಿಕಾ


ಲಾಯಿಲ
17 ಜೂನ್ 2025

ಸಾತ್ವಿ,

ಹೆತ್ತ ತಾಯಿಗೆ ಮಗಳ ಮದುವೆಯ ಸುದ್ದಿ ಬಸ್ ಕಂಡಕ್ಟರನ ಕೈಯಲ್ಲಿ ಬರುತ್ತದೆ! ಹನೀಫಾಕನಿಗೆ ನನಗಿಂತ ಮೊದಲೇ ಗೊತ್ತಿತ್ತಂತೆ. "ಒಳ್ಳೆಯದಾಯ್ತು ಅಮ್ಮ, ಕಾಗದ ತಂದು ತಂದು ನನಗೂ ಸಾಕಾಯ್ತು" ಎಂದು ಅಪ್ಪನ ಎದುರೇ ಹೇಳಿದರು. ಅಪ್ಪ ಅವರಿಗೆ ಚಾ ಕೊಟ್ಟರು. ನನ್ನ ಮರ್ಯಾದೆ ಯಾರಿಗೂ ಬೇಡ.

ಅಣ್ಣ ಬಂದಿದ್ದರು. ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ಅಕ್ಕ ಇರುವಾಗ ತಂಗಿಗೆ ಮೊದಲಾ? ಇಷ್ಟು ತಿಂಗಳು ನಾವು ಓಡಿದ್ದು ಯಾಕೆ ಮತ್ತೆ?" ಎಂದು ಕೂಗಾಡಿದರು. "ಅಕ್ಕನ ಹತ್ತಿರ ನಾನು ಕೇಳ್ತೇನೆ, ನೀವು ಕೂತು ಚಾ ಕುಡೀರಿ" ಎಂದೆ. ದೀಪದ ಮುಂದೆ ನಿಂತು ಕೇಳಿದೆ. ಅವಳು ಬೇಡ ಎನ್ನಲಿಲ್ಲ. ತಂಗಿ ಬಾರದ ಮದುವೆಯಲ್ಲಿ ಯಾವ ಹುಡುಗಿ ಸಂತೋಷದಲ್ಲಿ ಕೂರುತ್ತಾಳೆ ಎಂದು ಅಣ್ಣನ ಹತ್ತಿರ ಕೇಳಿದೆ. ಅವರು ಕೂತು ಚಾ ಲೋಟ ಎತ್ತಿಕೊಂಡರು. ಆ ಕ್ರಮದ ವಿಷಯ ನನಗೆ ಮೊದಲೇ ನೆನಪಾಗಲಿಲ್ಲ ಮಗಾ. ನಿನ್ನನ್ನು ಹೊರಗೆ ಇಡುವ ಮನಸ್ಸು ನನಗೆ ಯಾವತ್ತೂ ಇರಲಿಲ್ಲ.

ಅಡವಿಟ್ಟೆ ಎಂದು ಬರೆದಿದ್ದೀ. ಓದಿ ಎರಡು ದಿನ ನಿನ್ನ ಮೇಲೆ ಕೋಪ ಮಾಡಿದೆ. ಮೂರನೆಯ ದಿನ ಅದು ನಿಜ ಎಂದು ಅನ್ನಿಸಿತು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮೂರನೇ ಸಾಕ್ಷಿಗೆ ಬೇರೆ ಯಾರನ್ನೂ ನೋಡಬೇಡ. ನಾನು ಬರುತ್ತೇನೆ. ಅಪ್ಪನಿಗೆ ಹೋಟೆಲು ಬಿಟ್ಟು ಬರಲು ಆಗದಿದ್ದರೆ ಒಬ್ಬಳೇ ಬರುತ್ತೇನೆ. ಸಹಿ ಮಾಡಲು ನನಗೆ ಬರುತ್ತದೆ. ಯಾವ ಸೀರೆ ಉಡುತ್ತೀ ಎಂದು ಬರೆ. ಆ ಹಸಿರು ಬೇಡ.

ನಿನ್ನ ಅಮ್ಮ


ಬಂಟ್ವಾಳ
12 ಜುಲೈ 2025

ಅಮ್ಮ,

ಸಹಿ ಹಾಕುವಾಗ ಅಳುವುದಿಲ್ಲ ಎಂದು ನೀನು ಹೇಳಿದ್ದೆ, ಅಳಲಿಲ್ಲ. ಹೊರಗೆ ಬಂದು ಫೋಟೋ ತೆಗೆಯುವ ಹುಡುಗನಿಗೆ ಮಾತ್ರ ಚೆನ್ನಾಗಿ ಬೈದೆ. ಅವನು ಈಗಲೂ ಉಜ್ವಲ್‌ನ ಹತ್ತಿರ ನಿನ್ನ ಸುದ್ದಿ ಕೇಳುತ್ತಾನಂತೆ. ಅಪ್ಪ ಹೋಟೆಲಿಗೆ ಬಾಗಿಲು ಹಾಕಿ ಬಂದದ್ದು ನನಗೆ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ.

ಮದುವೆಯಾದ ಮಗಳು ಮೊದಲ ಆಟಿಗೆ ತವರಿಗೆ ಬಂದು ಕೂರಬೇಕಲ್ಲ. 16ಕ್ಕೆ ಬರುತ್ತೇನೆ. ನಾನು ಬರುವುದು ಕೂರಲು ಅಲ್ಲ, ಕೆಲಸ ಮಾಡಲು. ಅಕ್ಕನ ಸೀರೆ ಪೊಳಲಿಯವರೇ ತರುತ್ತಾರೆಂದು ಗೊತ್ತು, ಬಣ್ಣ ಯಾವುದೆಂದು ಕೇಳಿದಿರಾ? ಕೇಳದಿದ್ದರೆ ಈಗಲೇ ಕೇಳಿ. ಅವಳೂ ನನ್ನ ಹಾಗೆ ಕಪ್ಪಾ? ಅಪ್ಪನ ಹತ್ತಿರ ಕೇಳಿದರೆ ನೆನಪಿಲ್ಲ ಎನ್ನುತ್ತಾರೆ.

ಅವಳಿಗೆ ಸೀರೆಯ ನೆರಿಗೆ ಹಿಡಿಯುವುದು ನಾನು. ಮಾವನಿಗೆ ಹೇಳಿಡು.

ಸಾತ್ವಿಕಾ


ಲಾಯಿಲ
25 ಆಗಸ್ಟ್ 2025

ಸಾತ್ವಿಗೆ ಅಮ್ಮನ ಆಶೀರ್ವಾದ. ಉಜ್ವಲ್‌ನಿಗೂ.

ಈಗ ಫೋನಿನಲ್ಲಿ ದಿನಾ ಮಾತಾಡುತ್ತೇವೆ, ಬರೆಯುವುದು ಯಾಕೆ ಎಂದು ನೀನು ಕೇಳಬಹುದು. ಕೆಲವು ಮಾತು ಫೋನಿನಲ್ಲಿ ಆಗುವುದಿಲ್ಲ. ಪಕ್ಕದಲ್ಲಿ ಅಪ್ಪ ಇರುತ್ತಾರೆ.

ಪೊಳಲಿಯವರು ಅಷ್ಟು ತಡ ಮಾಡಿ ಬಂದದ್ದು ನನಗೆ ಈಗಲೂ ಸರಿ ಕಂಡಿಲ್ಲ. ಮಳೆಯಂತೆ. ಮಳೆ ಯಾರಿಗಿಲ್ಲ? ಹೆಣ್ಣಿನ ಕಡೆಯವರೆಂದರೆ ಕಾಯುತ್ತಾರೆ ಎಂಬ ಧೈರ್ಯ. ಅಣ್ಣ ಸಂಘದ ಮಹಾಸಭೆಯ ಹಾಗೆ ಭಾಷಣ ಮಾಡಿದ್ದೂ ಬೇಕಿರಲಿಲ್ಲ. ಆದರೆ ಎರಡು ಕುರ್ಚಿಯಲ್ಲಿ ಒಂದರ ಮೇಲೆ ಅವನ ಮುಂಡು ಶಲ್ಯ, ಇನ್ನೊಂದರ ಮೇಲೆ ನೀನು ನೆರಿಗೆ ಹಿಡಿದಿಟ್ಟ ಆ ಕೆಂಪು ಸೀರೆ, ಎರಡರ ಮೇಲೂ ಹಾರ. ನಾನು ಕಣ್ಣು ತುಂಬ ನೋಡಿದೆ. ಬೇಡ ಎನ್ನುವವರು ಯಾರೂ ಇರಲಿಲ್ಲ. ನೀನು ಕೇಳಿದ್ದೆ, ಅವಳು ಬಿಳಿ ಇದ್ದಳು ಮಗಾ, ನಿನ್ನ ಹಾಗಲ್ಲ.

ಧಾರೆಗೆ ನೀರು ಬಿಡುವಾಗ ಅಪ್ಪನ ಕೈಯಿಂದ ಗಿಂಡಿ ಬಿತ್ತಲ್ಲ. ಆ ರಾತ್ರಿ ನೀವೆಲ್ಲ ಮಲಗಿದ ಮೇಲೆ ನನ್ನ ಹತ್ತಿರ ಬಂದು, ಎಲ್ಲಿ ಮಣ್ಣು ಮಾಡಿದ್ದೆಂದು ಹೇಳಿದರು. ನಾನು ಕೇಳಿರಲಿಲ್ಲ. ಇಷ್ಟು ವರ್ಷ ಸರಿಯಾಗಿ ಹೇಳದೆ ಸತಾಯಿಸಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದೆ.  ಮರುದಿನ ಇಬ್ಬರೂ ಹೋಗಿ ನೋಡಿ ಬಂದೆವು. ನಿನಗೆ ಪೇಟೆಗೆ ಎಂದು ಹೇಳಿದ್ದು ಸುಳ್ಳು. ಇನ್ನೊಮ್ಮೆ ಬಂದಾಗ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ.

ಡಿಸೆಂಬರಿನ ಹಾಲ್ ಇವತ್ತು ನಿಶ್ಚಯ ಮಾಡಿದೆವು. ಅಡುಗೆಯವರ ಹತ್ತಿರ ಮಾತಾಡುವುದನ್ನು ಅಪ್ಪನಿಗೆ ಬಿಡುವುದಿಲ್ಲ, ಅವರು ಹೋಟೆಲಿನ ಸಾಂಬಾರೇ ಮಾಡಿಸಿಬಿಡುತ್ತಾರೆ. ಉಜ್ವಲ್‌ನ ಅಮ್ಮನ ಹತ್ತಿರ ಪಟ್ಟಿ ಕೇಳಿ ಕಳಿಸು. ಮೇ ತಿಂಗಳನ್ನು ನಿನಗೆ ವಾಪಸು ಕೊಡಲು ನನ್ನಿಂದ ಆಗುವುದಿಲ್ಲ. ಡಿಸೆಂಬರಿನಲ್ಲಿ ಯಾವುದಕ್ಕೂ ಕಡಿಮೆ ಮಾಡುವುದಿಲ್ಲ.

ನಿನ್ನೆ ಉಜಿರೆಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬರು ಹೆಂಗಸು ಪಕ್ಕದಲ್ಲಿ ಕೂತರು. ಗುರ್ತದವರಲ್ಲ. ಊರು ಯಾವುದು, ಮನೆಯಲ್ಲಿ ಯಾರೆಲ್ಲ ಎಂದು ಕೇಳುತ್ತಾ ಬಂದು, "ಮಕ್ಕಳೆಷ್ಟು ನಿಮಗೆ?" ಎಂದರು. ನನಗೆ ಯೋಚಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. "ಇಬ್ಬರು ಹೆಣ್ಣು ಮಕ್ಕಳು. ಇಬ್ಬರಿಗೂ ಮದುವೆ ಆಯ್ತು. ದೊಡ್ಡವಳನ್ನು ಪೊಳಲಿಗೆ ಕೊಟ್ಟದ್ದು, ಚಿಕ್ಕವಳು ಬಂಟ್ವಾಳದಲ್ಲಿ" ಎಂದೆ.

ಅದರಲ್ಲಿ ಸುಳ್ಳೇನುಂಟು, ನೀನೇ ಹೇಳು.

ನಿಮ್ಮಿಬ್ಬರ ಅಮ್ಮ,
ಶಶಿಪ್ರಭಾ